ಹೊಲದ ಬಣ್ಣ

ಮೂವತ್ತು ವರ್ಷಗಳಿಂದ ದಾಬಸ್‌ಪೇಟೆಯನ್ನು ನಾನು ಬಸ್ಸಿನ ಕಿಟಕಿಯಿಂದಲೇ ನೋಡುತ್ತ ಬಂದವನು. ತುಮಕೂರಿನ ಆಚೆಗಿರುವ ನಮ್ಮೂರಿಗೆ ಹೋಗುವಾಗ ನೆಲಮಂಗಲ ದಾಟಿ, ಟಿ. ಬೇಗೂರು ಕಳೆದು, ಎಡಗಡೆ ಶಿವಗಂಗೆ ಬೆಟ್ಟ ಕಾಣಿಸಿತೆಂದರೆ ಅರ್ಧ ದಾರಿ ಸವೆಯಿತೆಂದು ಲೆಕ್ಕ. ಅಮ್ಮ ಬೆಟ್ಟದ ಕಡೆ ತಿರುಗಿ ಕೈಮುಗಿಯುತ್ತಿದ್ದಳು. ಬೆಟ್ಟಕ್ಕೂ ಹೆದ್ದಾರಿಗೂ ನಡುವೆ ಆಗ ಇದ್ದದ್ದು ರಾಗಿ ಹೊಲ, ನೀಲಗಿರಿ ತೋಪು, ಅಲ್ಲೊಂದು ಇಲ್ಲೊಂದು ಕೆರೆಯ ಹೊಳಪು. ಒಂದೊಂದು ಸಲ ಊರಿಗೆ ಹೋಗಿ ಬರುವಷ್ಟರಲ್ಲಿ ಒಂದೊಂದು ತಗಡಿನ ಶೆಡ್ಡು ಎದ್ದು ನಿಲ್ಲತೊಡಗಿತು. ಈಗ ಬೆಟ್ಟ ಕಾಣುವುದಕ್ಕೆ ಮೊದಲು ಶೆಡ್ಡುಗಳು ಕಾಣುತ್ತವೆ.

ಇಷ್ಟು ವರ್ಷದಲ್ಲಿ ಅಲ್ಲಿ ಇಳಿದದ್ದು ಬೆಟ್ಟ ಹತ್ತಲು ಮಾತ್ರ. ಈ ಸಲ ಇಳಿಯಲು ಬೇರೆ ಕಾರಣವಿತ್ತು. ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. “ಅಣ್ಣ, ದಾಬಸ್‌ಪೇಟೆ ಹತ್ರ ಒಂದು ಸೈಟು ನೋಡಿದೀನಿ. ಅಡ್ವಾನ್ಸ್ ಕೊಡೋಕೆ ಮುಂಚೆ ನೀನೊಂದ್ಸಲ ಜಾಗ, ಪೇಪರು ಎರಡೂ ನೋಡ್ಕೊಂಡು ಬಾ” ಎಂದ. ಜೊತೆಗೆ ಬಣ್ಣಬಣ್ಣದ ಒಂದು ಕರಪತ್ರವನ್ನೂ ಕಳಿಸಿದ್ದ. ನಾನು ಕಂದಾಯ ಇಲಾಖೆಯ ಕಾಗದಗಳ ಜೊತೆ ಒಂದಿಷ್ಟು ಕಾಲ ಒಡನಾಡಿದವನೆಂದು ಮನೆಯಲ್ಲಿ ಎಲ್ಲರ ನಂಬಿಕೆ.

ಮಾರ್ಗಶಿರದ ಒಂದು ಬೆಳಗ್ಗೆ ಮೆಟ್ರೋದಲ್ಲಿ ಮಾದಾವರದವರೆಗೆ ಹೋದೆ. ಹಸಿರು ಮಾರ್ಗ ಅಲ್ಲಿಗೆ ಮುಟ್ಟಿದ್ದು 2024ರ ನವೆಂಬರ್‌ನಲ್ಲಿ. ಅಲ್ಲಿಂದ ತುಮಕೂರು ಬಸ್ಸು. ಕಿಟಕಿಯ ಪಕ್ಕ ಕೂತು ಕರಪತ್ರ ಬಿಡಿಸಿದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸಿಕೊಂಡು ಬೆಂಗಳೂರನ್ನು ಸುತ್ತುವ ಸುಮಾರು 280 ಕಿಲೋಮೀಟರಿನ ಉಪನಗರ ವರ್ತುಲ ರಸ್ತೆ ಅದರಲ್ಲಿತ್ತು. ಮುದ್ದಲಿಂಗನಹಳ್ಳಿ ಬಳಿ 400 ಎಕರೆಯಲ್ಲಿ ಬರುತ್ತಿರುವ ಲಾಜಿಸ್ಟಿಕ್ಸ್ ಪಾರ್ಕ್ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಘೋಷಿಸಿದ, ದಾಬಸ್‌ಪೇಟೆಗೂ ದೊಡ್ಡಬಳ್ಳಾಪುರಕ್ಕೂ ನಡುವಿನ 5,800 ಎಕರೆಯ ಕ್ವಿನ್ ಸಿಟಿ ಇತ್ತು. 2025ರ ಏಪ್ರಿಲ್‌ನಲ್ಲಿ ಕೇಂದ್ರದ ತಂಡ ಎರಡನೇ ವಿಮಾನ ನಿಲ್ದಾಣಕ್ಕಾಗಿ ನೋಡಿಹೋದ ಜಾಗಗಳಲ್ಲಿ ನೆಲಮಂಗಲ–ಕುಣಿಗಲ್ ರಸ್ತೆಯದೂ ಒಂದು. ಅದನ್ನು ಕರಪತ್ರದವರು ಆಗಲೇ ಕಟ್ಟಿ ಮುಗಿಸಿ ವಿಮಾನ ಹಾರಿಸಿದ್ದರು. ಎಲ್ಲವೂ ಸೈಟಿನಿಂದ ಹತ್ತು, ಹದಿನೈದು, ಇಪ್ಪತ್ತು ನಿಮಿಷ. ಇಡೀ ಹಾಳೆಯಲ್ಲಿ ಸೈಟಿರುವ ಊರಿನ ಹೆಸರಿರಲಿಲ್ಲ, ಒಂದು ಕೆರೆಯ ಹೆಸರಿರಲಿಲ್ಲ.

ದಾಬಸ್‌ಪೇಟೆಯೂ ರಸ್ತೆಯಿಂದಲೇ ಹುಟ್ಟಿದ ಊರು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಈ ಪೇಟೆಗೆ ಬಂತು. ಅವನ ಕಾಲದಲ್ಲಿ ತುಮಕೂರು ಆ ವಿಭಾಗಕ್ಕೆ ಸೇರಿತ್ತು. ಸಾಹೇಬ ಹೋದ, ‘ಡಾಬ್ಸ್’ ಜನರ ಬಾಯಲ್ಲಿ ‘ದಾಬಸ್’ ಆಗಿ ಉಳಿಯಿತು. ನೆಲಮಂಗಲ ತಾಲ್ಲೂಕು ಸೋಂಪುರ ಹೋಬಳಿಯ ಈ ಪೇಟೆಗೆ ಇವತ್ತು ಗಿರಾಕಿಗಳು ಸೋಂಪುರ ಕೈಗಾರಿಕಾ ಪ್ರದೇಶದ ಪಾಳಿ ಕೆಲಸದವರು. ನಾನು ಚಹಾ ಕುಡಿದ ಅಂಗಡಿಯಲ್ಲಿ ಕನ್ನಡದಷ್ಟೇ ಹಿಂದಿಯೂ ಕೇಳಿಸಿತು. ಬೆಂಚಿನ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಂಗಡಿಯ ಹೆಂಗಸು ಎರಡೂ ಭಾಷೆಯಲ್ಲಿ ಚಿಲ್ಲರೆ ಕೇಳುತ್ತಿದ್ದಳು.

ಸೈಟಿನ ಜಾಗ ಪೇಟೆಯಿಂದ ಶಿವಗಂಗೆಯ ದಿಕ್ಕಿಗೆ. ಆಟೋದವನು ಮಣ್ಣಿನ ದಾರಿಯ ತುದಿಯಲ್ಲಿ ಇಳಿಸಿದ. ಡಾಂಬರು ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರು. ಲಾರಿಗಳು ಅದರ ಮೇಲೆ ಹಾದು ಒಕ್ಕಣೆ ಮಾಡುತ್ತಿದ್ದವು. ಪಕ್ಕದಲ್ಲಿ ಹೊಸದಾಗಿ ಎದ್ದ ಕಮಾನು. ಕಮಾನಿನ ಒಳಗೆ ಸಾಲಾಗಿ ಸುಣ್ಣ ಬಳಿದ ಕಲ್ಲುಗಳು, ಮೇಲೆ ಕೆಂಪು ಬಣ್ಣದ ನಂಬರು.

ಕಂದಾಯ ಇಲಾಖೆಯ ಜಾಲತಾಣದಿಂದ ಆ ಗ್ರಾಮದ ನಕಾಶೆಯನ್ನು ತೆಗೆದು ಜೊತೆಗಿಟ್ಟುಕೊಂಡಿದ್ದೆ. ಗ್ರಾಮ ನಕಾಶೆ ನೋಡುವುದು ನನಗೆ ಬಹಳ ಪ್ರೀತಿಯ ಕೆಲಸ. ಪ್ರತಿ ಸರ್ವೆ ನಂಬರಿಗೂ ಅದರ ಆಕಾರ, ಮೂರು ಊರಿನ ಗಡಿ ಕೂಡುವಲ್ಲಿ ನೆಟ್ಟ ಕಲ್ಲು, ಜೋಡಿ ಚುಕ್ಕಿ ಗೆರೆಯ ಬಂಡಿದಾರಿ, ಒಂಟಿ ಚುಕ್ಕಿಯ ಕಾಲುದಾರಿ, ಕೆರೆ, ಕೆರೆಗೆ ಇಳಿಯುವ ಹಳ್ಳ, ಗುಂಡುತೋಪು, ಗೋಮಾಳ. ಇವನ್ನೆಲ್ಲ ಸರಪಳಿ ಎಳೆದು ಅಳೆದವರು ಬಿಸಿಲಲ್ಲಿ ಆ ನೆಲದ ಮೇಲೆ ನಡೆದಿದ್ದರು.

ನಕಾಶೆ ಹಿಡಿದು ತಡಕಾಡುತ್ತಿದ್ದವನನ್ನು ಕಂಡು ಪಕ್ಕದ ಹೊಲದಲ್ಲಿ ಹುಲ್ಲಿನ ಮೆದೆ ಒಟ್ಟುತ್ತಿದ್ದ ಹಿರಿಯರು ಇಳಿದು ಬಂದರು.

“ಸೈಟ್ ನೋಡಕ್ ಬಂದ್ರಾ ಸ್ವಾಮಿ?”

“ಹೌದು ಯಜಮಾನ್ರೇ. ಈ ಹಳ್ಳ ಎಲ್ಲಿ ಅಂತ ಹುಡುಕ್ತಾ ಇದೀನಿ.”

“ಹಳ್ಳದ್ ಮ್ಯಾಲೇ ನಿಂತಿದ್ದೀರಲ್ಲ.”

ಕಾಲ ಕೆಳಗೆ ಮಟ್ಟಸ ಮಾಡಿದ ಕೆಮ್ಮಣ್ಣು. ಅವರು ಕೋಲಿನ ತುದಿಯಲ್ಲಿ ಗೆರೆ ಎಳೆಯುತ್ತ ತೋರಿಸಿದರು: ಮೇಲಿನ ದಿಣ್ಣೆಯಿಂದ ನೀರು ಹೀಗೆ ಬರುತ್ತಿತ್ತು, ಇಲ್ಲಿ ತಿರುಗಿ ಆ ಹೊಂಗೆ ಮರದ ಬುಡದಲ್ಲಿ ಹಾಯ್ದು ಕೆರೆ ಸೇರುತ್ತಿತ್ತು. ನಾನು ಕರಪತ್ರದ ನಕ್ಷೆಯನ್ನೂ ಗ್ರಾಮ ನಕಾಶೆಯನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಹಳ್ಳವಿದ್ದ ಕಡೆ ಕರಪತ್ರದಲ್ಲಿ ‘ಮಕ್ಕಳ ಉದ್ಯಾನ’. ಅದರ ಕೆಳಗಿನ ಸಾಲಿನಲ್ಲಿ ನನ್ನ ತಮ್ಮ ಮೆಚ್ಚಿದ ಸೈಟು.

ಯಜಮಾನರು ತಮ್ಮ ಹೊಲದ ಮೂಲೆಗೆ ಕರೆದೊಯ್ದರು. ಅಲ್ಲಿ ಎರಡು ಕಲ್ಲು ಒಂದು ಮಾರು ದೂರದಲ್ಲಿದ್ದವು. ಒಂದು, ಮೊಣಕಾಲೆತ್ತರದ ಒರಟು ಕಲ್ಲು, ಪಾಚಿ ಕಟ್ಟಿ ಒಣಗಿ ಕಪ್ಪಾಗಿತ್ತು. “ಇದು ಬಾಂದ್ ಕಲ್ಲು. ನಮ್ ತಾತನ್ ಕಾಲದ್ದು. ಅಳ್ಳಾಡ್ಸಿದ್ರೂ ಅಳ್ಳಾಡಾಕಿಲ್ಲ” ಎಂದು ಅದರ ತಲೆ ಸವರಿದರು. ಇನ್ನೊಂದು ಲೇಔಟಿನವರ ಸುಣ್ಣದ ಕಲ್ಲು. “ಇದು ಹೋದ್ ವರ್ಷ ಬಂದಿದ್ದು” ಎಂದರು. ಅದನ್ನು ಮುಟ್ಟಲಿಲ್ಲ.

ಮೆದೆಯ ನೆರಳಲ್ಲಿ ಕೂತು ನೀರು ಕೊಟ್ಟರು. ನಾನು ನಕಾಶೆ ಓದಬಲ್ಲವನೆಂದು ಗೊತ್ತಾದ ಮೇಲೆ ಅವರು ಕೇಳಿದ ಮಾತಿಗೆ ಉತ್ತರ ಕೊಡಲಾಗದೆ ಕೂತೆ.

“ನಮ್ ಹೊಲ ಯಾವ್ ಬಣ್ಣದಾಗೈತೆ ಹೇಳಿ ಸ್ವಾಮಿ. ಒಬ್ಬ ಬ್ರೋಕರ್ ಬಂದು, ಗೌಡ್ರೇ ನಿಮ್ದು ಎಲ್ಲೋ ಝೋನು, ಈಗ್ಲೇ ಕೊಟ್ರೆ ಒಳ್ಳೆ ರೇಟು ಅಂತಾನೆ. ಇನ್ನೊಬ್ಬ ಬಂದು, ಇದು ಗ್ರೀನು, ಮುಂದಕ್ಕೆ ಏನೂ ಬರಾಕಿಲ್ಲ, ಬಂದಷ್ಟಕ್ಕೆ ಕೊಟ್ಬುಡಿ ಅಂತಾನೆ. ಯಾವ್ದು ದಿಟ? ಹೊಲ ನಂದು, ಬಣ್ಣ ಮಾತ್ರ ಅವ್ರಿಗೆ ಗೊತ್ತು.”

ನಾನು ತಂದಿದ್ದ ಗ್ರಾಮ ನಕಾಶೆಯಲ್ಲಿ ಬಣ್ಣವಿರುವುದಿಲ್ಲ. ಬಣ್ಣ ಇರುವುದು ಮಾಸ್ಟರ್ ಪ್ಲಾನಿನಲ್ಲಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಒಂದು ಪ್ರದೇಶವನ್ನು ಯೋಜನಾ ಪ್ರದೇಶವೆಂದು ಘೋಷಿಸಿ, ಅದಕ್ಕೊಂದು ಪ್ರಾಧಿಕಾರ ಮಾಡಿ, ಮುಂದಿನ ವರ್ಷಗಳಲ್ಲಿ ಎಲ್ಲಿ ಏನು ಬರಬಹುದೆಂದು ನಕ್ಷೆಯ ಮೇಲೆ ಬಣ್ಣ ಹಚ್ಚುತ್ತಾರೆ. ಮನೆಗಳಿಗೆ ಹಳದಿ, ಅಂಗಡಿ ಮುಂಗಟ್ಟಿಗೆ ನೀಲಿ, ಕಾರ್ಖಾನೆಗೆ ನೇರಳೆ, ಆಸ್ಪತ್ರೆ ಶಾಲೆಯಂಥವಕ್ಕೆ ಕೆಂಪು, ಬೇಸಾಯಕ್ಕೂ ಉದ್ಯಾನಕ್ಕೂ ಹಸಿರು. ಹೊಲ ಹಳದಿಯಲ್ಲಿದ್ದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಸುಲಭ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಮುಂದೆ ಹೋಗಬಹುದು. ಹಸಿರಿನಲ್ಲಿದ್ದರೆ ಮೊದಲು ಬಣ್ಣವೇ ಬದಲಾಗಬೇಕು. ಒಂದೇ ಬದುವಿನ ಎರಡು ಬದಿಯ ಹೊಲಗಳಿಗೆ ಬೆಲೆಯಲ್ಲಿ ಅಜಗಜಾಂತರ ತರುವ ಶಕ್ತಿ ಆ ಬಣ್ಣಕ್ಕಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋಗಿ, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದೆಂದಾದ ಮೇಲೆ ಈ ಬಣ್ಣದ ಸುದ್ದಿ ಹಿಡಿದು ಹಳ್ಳಿಗೆ ಬರುವವರು ಇನ್ನೂ ಹೆಚ್ಚಿದರು.

ಯೋಜನೆಯೇ ಬೇಡವೆನ್ನುವವನು ನಾನಲ್ಲ. ನಾನು ನಿಂತಿದ್ದ ಆ ಕೆಮ್ಮಣ್ಣಿನ ಜಾಗ ಯೋಜನೆಯಿಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ. ಪಹಣಿಯಲ್ಲಿ ಅದಿನ್ನೂ ಬೇಸಾಯದ ಜಮೀನು. ಪರಿವರ್ತನೆಯ ಆದೇಶವಿಲ್ಲ, ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಒಪ್ಪಿಗೆಯಿಲ್ಲ. ನಮ್ಮಲ್ಲಿ ರೆವಿನ್ಯೂ ಸೈಟು ಎನ್ನುವುದು ಇದಕ್ಕೇ. ದುಡಿದು ಕೂಡಿಟ್ಟ ಹಣ ಹಾಕಿ ಇಂಥಲ್ಲಿ ಮನೆ ಕಟ್ಟಿದವರು ರಸ್ತೆಗೆ, ಚರಂಡಿಗೆ, ನೀರಿಗೆ, ಕೊನೆಗೆ ಖಾತೆಗೆ ವರ್ಷಗಟ್ಟಲೆ ಅಲೆಯುತ್ತಾರೆ. ಹಳ್ಳ ಮುಚ್ಚಿದ ಪಾಪಕ್ಕೆ ಮಳೆಗಾಲದಲ್ಲಿ ನೀರು ಅವರ ಮನೆಯೊಳಗೇ ಬರುತ್ತದೆ. ಬೆಂಗಳೂರಿನ ಎಷ್ಟು ಬಡಾವಣೆಗಳಲ್ಲಿ ಇದನ್ನು ಕಂಡಿಲ್ಲ ನಾವು? ಆ ಗೋಳು ನೆಲಮಂಗಲದ ಹಳ್ಳಿಗಳಿಗೆ ಬರದಂತೆ ತಡೆಯಬೇಕಾದರೆ ಬಣ್ಣದ ನಕ್ಷೆ ಬೇಕೇ ಬೇಕು. ನನ್ನ ತಕರಾರು ಇಷ್ಟೇ: ನಕ್ಷೆ ಬರೆಯುವ ಕೈ ಹಳ್ಳಿಯಿಂದ ಬಹಳ ದೂರದಲ್ಲಿದೆ.

ಎಷ್ಟು ದೂರವೆಂದರೆ, ಈ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಕ್ಕೆ ಯಜಮಾನಿಕೆ ನಡೆಸುವ ಕಚೇರಿಗಳನ್ನು ಎಣಿಸಹೊರಟರೆ ಬೆರಳು ಸಾಲದು. ಎಲ್ಲದರ ಮೇಲೆ, 1985ರ ಕಾಯ್ದೆಯಿಂದ ಹುಟ್ಟಿದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಬಿಎಂಆರ್‌ಡಿಎ. ಬೆಂಗಳೂರು ಸುತ್ತಿನ ಸುಮಾರು 8,000 ಚದರ ಕಿಲೋಮೀಟರು ಅದರ ವ್ಯಾಪ್ತಿ. ಅದರ ಕೆಳಗೆ ನೆಲಮಂಗಲಕ್ಕೊಂದು ಯೋಜನಾ ಪ್ರಾಧಿಕಾರ, ಹೊಸಕೋಟೆಗೊಂದು, ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತಲಿಗೆ ಇನ್ನೊಂದು. ಪರಿವರ್ತನೆಗೆ ಜಿಲ್ಲಾಧಿಕಾರಿ, ಅಳತೆಗೆ ಸರ್ವೆ ಇಲಾಖೆ, ಇ-ಸ್ವತ್ತಿಗೆ ಗ್ರಾಮ ಪಂಚಾಯಿತಿ. ಇವೆಲ್ಲದರ ಪಕ್ಕದಲ್ಲಿ ತನ್ನದೇ ದಾರಿಯಲ್ಲಿ ನಡೆಯುವ ಕೈಗಾರಿಕಾ ಮಂಡಳಿ, ಕೆಐಎಡಿಬಿ.

ಈ ಕೊನೆಯದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸೋಂಪುರದ ಶೆಡ್ಡುಗಳೆಲ್ಲ ಬಂದದ್ದು ಅದರ ಮೂಲಕ, ಮತ್ತು ಸೋಂಪುರ ಹೋಬಳಿಯ ರೈತರು ಕಾಯ್ದೆ ಪುಸ್ತಕ ಓದದೆಯೂ ಅದರ ಕಲಮುಗಳ ಸಂಖ್ಯೆಯನ್ನು ಬಾಯಿಪಾಠ ಹೇಳುತ್ತಾರೆ. 1966ರ ಕಾಯ್ದೆಯ 28(1)ರಲ್ಲಿ ಮೊದಲ ಅಧಿಸೂಚನೆ. ಆಮೇಲೆ ನೋಟಿಸು, ಅದು ಕೈಸೇರಿದ 30 ದಿನದೊಳಗೆ ಜಮೀನಿನವರು ಆಕ್ಷೇಪ ಹೇಳಬೇಕು. ಅಹವಾಲು ಕೇಳಿದ ಮೇಲೆ 28(4)ರಲ್ಲಿ ಕೊನೆಯ ಅಧಿಸೂಚನೆ, ಅಲ್ಲಿಗೆ ನೆಲ ಸರ್ಕಾರದ್ದು. ಅಧಿಸೂಚನೆಯ ವಿಷಯ ಪಹಣಿಯ 11ನೇ ಕಾಲಮಿಗೆ ಏರಿದರೆ ಹೊಲದವನು ಸಾಲಕ್ಕೂ ಮಾರಾಟಕ್ಕೂ ಕೈಕಟ್ಟಿ ಕೂರುತ್ತಾನೆ. ಪರಿಹಾರದ ಹಣ ಬೇಡವೆನ್ನುವವರಿಗೆ ಎಕರೆಗೆ 10,781 ಚದರಡಿಯ ಅಭಿವೃದ್ಧಿಪಡಿಸಿದ ಜಾಗ ಕೊಡುವ ಕ್ರಮವೂ ಇದೆ. ಎಕರೆಯಲ್ಲಿ ಸರಿಸುಮಾರು ಕಾಲು ಪಾಲು. ಆದರೆ ಹೊಲ ಹೋದ ಮೇಲೆ ಊರು ಹೇಗಿರುತ್ತದೆ, ದನ ಎಲ್ಲಿ ಮೇಯುತ್ತವೆ, ಕೂಲಿಯವರು ಏನು ಮಾಡುತ್ತಾರೆಂದು ಮೊದಲೇ ಅಧ್ಯಯನ ಮಾಡಬೇಕೆಂಬ ಕಟ್ಟಳೆ, 2013ರ ಕೇಂದ್ರದ ಭೂಸ್ವಾಧೀನ ಕಾಯ್ದೆಯಲ್ಲಿರುವಂಥದ್ದು, ಈ ಹಳೆಯ ಕಾಯ್ದೆಯಲ್ಲಿಲ್ಲ.

ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಶಿವಗಂಗೆ ಹತ್ತತೊಡಗಿದೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ನಾಗ ಎಂದು ಈ ಬೆಟ್ಟದ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ದೇಹಬಿಟ್ಟದ್ದು ಇಲ್ಲೇ. ಒಳಕಲ್ಲು ತೀರ್ಥದಲ್ಲಿ ಕೈ ಇಳಿಬಿಟ್ಟು ನೀರು ಸಿಕ್ಕಿತೆಂದು ಮಕ್ಕಳ ಹಾಗೆ ಕೂಗಿದ ಒಬ್ಬ ಅಜ್ಜಿಯನ್ನು ದಾಟಿ, ಕಂಬಿ ಹಿಡಿದು ಮೇಲಿನ ಬಂಡೆಗೆ ಬಂದೆ.

ಕೆಳಗೆ ಇಡೀ ಸೀಮೆ ಬಿಚ್ಚಿಟ್ಟ ಹಾಗೆ ಕಾಣುತ್ತಿತ್ತು. ಕೆರೆಯಿಂದ ಕೆರೆಗೆ ಇಳಿಯುವ ಹಸಿರು ಗೆರೆ, ಅಡ್ಡಕ್ಕೆ ಹೆದ್ದಾರಿಯ ಬೂದು ಗೆರೆ, ಹೆದ್ದಾರಿಯ ಆಚೆ ತಗಡಿನ ಮಾಳಿಗೆಗಳ ಬೆಳ್ಳನೆಯ ಚೌಕಗಳು. ಕುಮುದ್ವತಿ ಹುಟ್ಟುವುದು ಈ ಬೆಟ್ಟದ ತಪ್ಪಲಿನಲ್ಲಿ. ಅದು ನೆಲಮಂಗಲ, ಮಾಗಡಿ ಸೀಮೆಯಲ್ಲಿ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. 1933ರಲ್ಲಿ ಅಲ್ಲಿ ಕಟ್ಟಿದ ಜಲಾಶಯದ ನೀರು ಕುಡಿದು ಬೆಂಗಳೂರು ಬೆಳೆಯಿತು. ಬೆಳೆದ ಊರು ತನ್ನ ನೀರಿನ ತಲೆಯ ಮೇಲೇ ಕಾಲಿಡುತ್ತಿದೆಯೆಂದು ಅರಿವಾದಾಗ ಸರ್ಕಾರ 2003ರಲ್ಲಿ ಆ ಜಲಾನಯನವನ್ನು ನಾಲ್ಕು ವಲಯ ಮಾಡಿ, ಜಲಾಶಯದ ಸುತ್ತ ಮತ್ತು ಎರಡೂ ನದಿಗಳ ದಂಡೆಗುಂಟ ಕಟ್ಟಡಕ್ಕೆ ನಿರ್ಬಂಧ ಹಾಕಿತು. ನದಿ ಹುಟ್ಟುವ ಕಡೆಯಿಂದ ಸೇರುವ ಕಡೆಯವರೆಗೆ ನೆಲವನ್ನು ಒಂದೇ ಎಂದು ನೋಡಿದ ಅಪರೂಪದ ಆದೇಶ ಅದು. ಆಮೇಲೆ ನಿರ್ಬಂಧದ ಅಂತರಗಳನ್ನು ಇಳಿಸಿದರು. ಇಳಿಸಿದ್ದು ತಪ್ಪೆಂದು ನಾನು ಹೇಳುತ್ತೇನೆ. ಬೆಳಗ್ಗೆ ನಾನು ನಿಂತಿದ್ದ ಹಳ್ಳ ಇಂಥ ಆದೇಶಗಳ ಕಣ್ಣಿಗೆ ಬೀಳದಷ್ಟು ಸಣ್ಣದು, ಆದರೆ ನದಿ ಆಗುವುದು ಅಂಥ ನೂರಾರು ಹಳ್ಳಗಳಿಂದಲೇ. ಅವುಗಳ ಹೆಸರು ಗೊತ್ತಿರುವುದು ಮೆದೆ ಒಟ್ಟುತ್ತಿದ್ದ ಆ ಯಜಮಾನರಂಥವರಿಗೆ ಮಾತ್ರ.

ಅಂಥವರ ಮಾತು ನಕ್ಷೆಗೆ ಸೇರಲು ದಾರಿ ಇಲ್ಲವೆ? ಸಂವಿಧಾನದಲ್ಲೇ ಇದೆ. 74ನೇ ತಿದ್ದುಪಡಿಯಲ್ಲಿ ಬಂದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕೆನ್ನುತ್ತದೆ. ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಕೂಡಿಸಿ, ನೀರು ಮತ್ತು ನೆಲದ ಹಂಚಿಕೆ ನೋಡಿ, ಇಡೀ ಜಿಲ್ಲೆಗೆ ಕರಡು ಯೋಜನೆ ಮಾಡುವುದು ಅದರ ಕೆಲಸ. ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಚುನಾಯಿತ ಸದಸ್ಯರೇ ಇರಬೇಕು. ಈ ದಾರಿಯನ್ನು ದೇಶಕ್ಕೆ ತೋರಿಸಿಕೊಟ್ಟವರಲ್ಲಿ ನಮ್ಮವರೇ ಮುಂದು. ‘ನೀರ್ ಸಾಬ್’ ಎಂದು ಜನ ಕರೆದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತುಗಳಿಗೆ ನಿಜವಾದ ಅಧಿಕಾರ ಕೊಡಿಸಿದರು. ಅಂಥ ನಾಡಿನಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ವರ್ತುಲ ರಸ್ತೆ, ಲಾಜಿಸ್ಟಿಕ್ಸ್ ಪಾರ್ಕ್, ಕ್ವಿನ್ ಸಿಟಿಯಂಥ ದೊಡ್ಡ ದೊಡ್ಡ ಯೋಜನೆಗಳು ಈ ಜಿಲ್ಲೆಯ ನೆಲಕ್ಕಿಳಿದ ಅದೇ ವರ್ಷಗಳಲ್ಲಿ, ಅವುಗಳ ಬಗ್ಗೆ ಜಿಲ್ಲೆಯ ಪರವಾಗಿ ಮಾತಾಡಬೇಕಾದ ಹಳ್ಳಿಯ ಪ್ರತಿನಿಧಿಗಳ ಕುರ್ಚಿ ಖಾಲಿಯಿತ್ತು. ಇದನ್ನು ನಾನು ದೊಡ್ಡ ಅನ್ಯಾಯವೆಂದೇ ಎಣಿಸುತ್ತೇನೆ.

ಕುರ್ಚಿ ಖಾಲಿಯಿದ್ದಾಗ ಜನ ಬೀದಿಗೆ ಇಳಿಯಬೇಕಾಗುತ್ತದೆ. ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಅದಾಯಿತು. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಪಡೆಯಲು ಹೊರಟಾಗ ಅಲ್ಲಿನ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಹೂವು, ತರಕಾರಿ, ದ್ರಾಕ್ಷಿ ಬೆಳೆಯುವ ನೆಲ ಅದು. ಹೆಂಗಸರು ಮನೆಗೆಲಸ ಮುಗಿಸಿ ಬಂದು ಕೂತರು. 1,198 ದಿನ ಕಳೆದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಡುವುದಾಗಿ ಹೇಳಿದರು. ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಮೂರು ವರ್ಷದ ಬಿತ್ತನೆ, ಕಟಾವಿನ ನಡುವೆ ಧರಣಿ ಕೂತೇ ಹೇಳಬೇಕಾಗಿ ಬಂದ ಮಾತನ್ನು ಒಂದು ಗ್ರಾಮಸಭೆಯಲ್ಲಿ ಒಂದು ಮಧ್ಯಾಹ್ನ ಕೂತು ಕೇಳಿಸಿಕೊಳ್ಳಬಹುದಿತ್ತು. ಅದೇ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. 1986ರಲ್ಲಿ ಹುಟ್ಟಿದಾಗಿನಿಂದ ಜಿಲ್ಲೆಯ ಹೆಸರಿನಲ್ಲಿದ್ದ ಗ್ರಾಮಾಂತರ ಎಂಬ ಪದ ಹೋಗುತ್ತದೆ. ಹಳ್ಳಿಗಳು ಇದ್ದಲ್ಲೇ ಇರುತ್ತವೆ.

ಬೆಟ್ಟ ಇಳಿದು ಬರುವಾಗ ಕತ್ತಲಾಗಿತ್ತು. ಬಸ್ಸಿಗೆ ಕಾಯುತ್ತ ತಮ್ಮನಿಗೆ ಫೋನ್ ಮಾಡಿದೆ. “ಬೇಡ ಕಣೋ. ಹಳ್ಳದ ಮೇಲೆ ಮಣ್ಣು ಹಾಕಿದಾರೆ. ಕನ್ವರ್ಷನ್ ಆಗಿಲ್ಲ, ಪ್ಲಾನ್ ಅಪ್ರೂವಲ್ಲೂ ಇಲ್ಲ” ಎಂದೆ. ಅವನಿಗೆ ಬೇಜಾರಾಯಿತು. ಬೆಂಗಳೂರಿನೊಳಗೆ ಸೈಟು ಕೊಳ್ಳುವ ಶಕ್ತಿ ಅವನಿಗಿಲ್ಲ. ಅವನಂಥ ಲಕ್ಷಾಂತರ ಜನಕ್ಕೆ ಮನೆ ಎಲ್ಲಿ ಆಗಬೇಕು, ಯಜಮಾನರ ರಾಗಿ ಹೊಲ ಎಲ್ಲಿ ಉಳಿಯಬೇಕು, ನೀರು ಎಲ್ಲಿ ಹರಿಯಬೇಕು, ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದು ತೋರಿಸುವುದೇ ಯೋಜನೆಯ ಕೆಲಸ.

ಯಜಮಾನರ ಸರ್ವೆ ನಂಬರು ಬರೆದುಕೊಂಡು ಬಂದಿದ್ದೇನೆ. ಪ್ರಾಧಿಕಾರದ ಕಚೇರಿಯಲ್ಲಿ ನಕ್ಷೆ ನೋಡಿ ಬಣ್ಣ ತಿಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಹಳ್ಳಿಯಲ್ಲಿ ಜಮೀನಿರುವ ಓದುಗರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮೂರಿನ ಬಣ್ಣದ ನಕ್ಷೆಯನ್ನು ಸರ್ವೆ ನಂಬರಿನ ಸಮೇತ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಹಾಕಿ ಎಂದು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಕರಡು ನಕ್ಷೆಗೆ ಲಿಖಿತ ಆಕ್ಷೇಪಣೆ ಕೊಡುವ ಹಕ್ಕು ಕಾಯ್ದೆಯಲ್ಲಿದೆ. ನಿಮ್ಮೂರಿನ ಹಳ್ಳ, ತೋಪು, ಗೋಮಾಳ ಅದರಲ್ಲಿ ಬಿಟ್ಟುಹೋಗಿದ್ದರೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಹೊಲ ಮಾರುವುದು, ಬಿಡುವುದು ನಿಮ್ಮಿಷ್ಟ. ಅದರ ಬಣ್ಣವನ್ನು ಸ್ವಂತ ಕಣ್ಣಿಂದ ನೋಡುವವರೆಗೆ ಯಾವ ಕಾಗದಕ್ಕೂ ರುಜು ಹಾಕಬೇಡಿ.